ಗಂಜಿಗೆ ಏನು ನಂಜಿಕೊಳ್ಳಬೇಕು? ಕರಾವಳಿಯ ಸರಳ ಊಟಕ್ಕೊಂದು ಕೈಪಿಡಿ

"ನೀವು ಹೇಳಿದಂತೆ ಕುಚ್ಚಲಕ್ಕಿ ಗಂಜಿ ಮಾಡಿದೆವು, ಆದರೆ ರುಚಿಯೇ ಇಲ್ಲ. ಅದರ ಜೊತೆ ಏನು ತಿನ್ನುತ್ತೀರಿ?" ಕರಾವಳಿಯ ಅಡುಗೆಯ ಬಗ್ಗೆ ಬರೆಯಲು ತೊಡಗಿದಾಗಿನಿಂದ ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮದುವೆಯಾಗಿ ಮಂಗಳೂರು, ಉಡುಪಿಗೆ ಬಂದ ಬಯಲುಸೀಮೆಯ ಹೆಣ್ಣುಮಕ್ಕಳು ಕೇಳುತ್ತಾರೆ. ಕೊಲ್ಲಿ ದೇಶಗಳಲ್ಲಿ ನಾಲ್ಕೈದು ಮಂದಿ ಒಂದೇ ಕೋಣೆಯಲ್ಲಿದ್ದು ಕೈಯಡುಗೆ ಮಾಡಿಕೊಳ್ಳುವ ಹುಡುಗರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ತುಂಡು ತುಂಡಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ಒಂದು ವ್ಯತ್ಯಾಸ ಮನಸ್ಸಿನಲ್ಲಿರಲಿ. ಅನ್ನಕ್ಕೆ ಸಾರು ಹಾಕಿ ನಾವು ಕಲಸಿಕೊಳ್ಳುತ್ತೇವೆ. ಅಲ್ಲಿ ಎರಡೂ ಒಂದಾಗಬೇಕು. ಗಂಜಿಗೆ ಹಾಗಲ್ಲ, ನಂಜಿಕೊಳ್ಳಬೇಕು. ಅಂದರೆ ಗಂಜಿ ತನ್ನ ಪಾಡಿಗೆ ಸಪ್ಪೆಯಾಗಿ ಬಟ್ಟಲಿನಲ್ಲಿರುತ್ತದೆ. ಉಪ್ಪು, ಹುಳಿ, ಖಾರವೆಲ್ಲ ಪಕ್ಕದಲ್ಲಿ ಚೂರೇ ಚೂರು ಇರುತ್ತದೆ. ಒಂದು ಗುಟುಕು ಗಂಜಿ, ಬೆರಳ ತುದಿಯಲ್ಲಿ ಒಂದಿಷ್ಟು ಚಟ್ನಿ, ಮತ್ತೆ ಒಂದು ಗುಟುಕು ಗಂಜಿ. ರುಚಿ ಹುಟ್ಟುವುದು ಈ ಅದಲುಬದಲಿನಲ್ಲಿ. "ರುಚಿ ಇಲ್ಲ" ಎಂದವರಲ್ಲಿ ಹೆಚ್ಚಿನವರು ಗಂಜಿಗೆ ಸಾಂಬಾರು ಸುರಿದು ಕಲಸಿದವರು. ಹಾಗೆ ಮಾಡಿದರೆ ಗಂಜಿಯೂ ಕೆಡುತ್ತದೆ, ಸಾಂಬಾರೂ ಕೆಡುತ್ತದೆ.

ಈ ಊಟ ಇಲ್ಲಿನ ಹವೆಗೆ ಒಗ್ಗಿ ಬಂದದ್ದು. ಕರಾವಳಿಯಲ್ಲಿ ಬಿಸಿಲು ಕಲಬುರಗಿ, ರಾಯಚೂರಿನಷ್ಟು ಏರುವುದಿಲ್ಲ. ಆದರೆ ಗಾಳಿಯಲ್ಲಿ ತೇವ ಎಷ್ಟಿರುತ್ತದೆಂದರೆ ಮೈಯ ಬೆವರು ಆರುವುದೇ ಇಲ್ಲ. ಬೆವರಿನೊಂದಿಗೆ ನೀರೂ ಹೋಗುತ್ತದೆ, ಉಪ್ಪೂ ಹೋಗುತ್ತದೆ. ಗಂಜಿಯ ತಿಳಿ ನೀರನ್ನು ತುಂಬಿಕೊಡುತ್ತದೆ, ನಂಜಿಕೊಂಡದ್ದು ಉಪ್ಪನ್ನು ಕೊಡುತ್ತದೆ. ಗದ್ದೆ, ತೋಟಗಳಲ್ಲಿ ದುಡಿದವರು ಬೆಳಿಗ್ಗೆ ಹತ್ತರ ಹೊತ್ತಿಗೆ ಗಂಜಿಗೆ ಕೂರುತ್ತಿದ್ದುದು ಇದಕ್ಕೇ.

ಏನೇನು ಬೇಕು

ಕುಚ್ಚಲಕ್ಕಿ, ತೆಂಗಿನಕಾಯಿ, ಬ್ಯಾಡಗಿ ಮೆಣಸು, ಹುಣಸೆಹಣ್ಣು, ಕಲ್ಲುಪ್ಪು, ತೆಂಗಿನೆಣ್ಣೆ, ಒಂದು ಭರಣಿ ಮಾವಿನ ಮಿಡಿ ಉಪ್ಪಿನಕಾಯಿ, ಒಂದು ಕಟ್ಟು ಹಪ್ಪಳ. ಮೀನು ತಿನ್ನುವವರಾದರೆ ಒಂದಿಷ್ಟು ಒಣ ಸಿಗಡಿ. ತಳ ದಪ್ಪಗಿರುವ ಒಂದು ಪಾತ್ರೆ ಬೇಕು. ಇವಿಷ್ಟಿದ್ದರೆ ವಾರವಿಡೀ ದಿನಕ್ಕೊಂದು ಜೋಡಿ ಮಾಡಬಹುದು.

1. ಅಕ್ಕಿಯನ್ನು ಸರಿಯಾಗಿ ಆರಿಸಿ

ಕುಚ್ಚಲಕ್ಕಿ ಎಂದರೆ ಭತ್ತವನ್ನು ಸಿಪ್ಪೆಸಹಿತ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಗಿರಣಿಗೆ ಹಾಕಿ ತೆಗೆದ ಅಕ್ಕಿ. ಭತ್ತ ಬೇಯುವಾಗ ತವಡಿನಲ್ಲಿರುವ ಬಿ ಜೀವಸತ್ವಗಳಲ್ಲಿ ಒಂದಿಷ್ಟು ಕಾಳಿನ ಒಳಕ್ಕೆ ಇಳಿಯುತ್ತದೆ. ಕಾಳು ಗಟ್ಟಿಯಾಗುತ್ತದೆ, ಎಷ್ಟು ಬೇಯಿಸಿದರೂ ಮುದ್ದೆಯಾಗದೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಹಾಗೆ ಬೇಯಿಸದ ಬಿಳಿ ಅಕ್ಕಿಗೆ ಕರಾವಳಿಯಲ್ಲಿ ಬೆಳ್ತಿಗೆ ಎನ್ನುತ್ತಾರೆ. ಬೆಳ್ತಿಗೆಯಲ್ಲಿ ಗಂಜಿ ಮಾಡಿದರೆ ಅಂಟಂಟಾದ ಅಂಬಲಿಯಂತಾಗುತ್ತದೆ. ಜ್ವರ ಬಂದವರಿಗೆ ಅದು ಸರಿ. ನಾನು ಹೇಳುತ್ತಿರುವ ಊಟಕ್ಕೆ ಕುಚ್ಚಲಕ್ಕಿಯೇ ಆಗಬೇಕು.

ಅಂಗಡಿಯಲ್ಲಿ ತವಡು ಉಳಿಸಿದ ಕೆಂಪು ಕುಚ್ಚಲಕ್ಕಿ ಮತ್ತು ಪಾಲಿಶ್ ಮಾಡಿದ ಬಿಳಿಚಿದ ಕುಚ್ಚಲಕ್ಕಿ ಎರಡೂ ಸಿಗುತ್ತವೆ. ಕೆಂಪನೆಯದನ್ನು ಕೊಳ್ಳಿ; ಅದರ ತಿಳಿಗೆ ತಿಳಿಗೆಂಪು ಬಣ್ಣವೂ ಹುರಿದ ಧಾನ್ಯದಂಥ ಪರಿಮಳವೂ ಇರುತ್ತದೆ. ಕೊಲ್ಲಿ ದೇಶಗಳಲ್ಲಿರುವವರು ಕೇರಳದ ಮಟ್ಟ ಅಕ್ಕಿ ತಂದುಕೊಳ್ಳಬಹುದು. ಅದೂ ಕುಚ್ಚಲಕ್ಕಿಯೇ, ಕಾಳು ಮಾತ್ರ ಸ್ವಲ್ಪ ದಪ್ಪ. ಬಾಸ್ಮತಿ, ಸೋನಾ ಮಸೂರಿಗಳನ್ನು ಈ ಕೆಲಸಕ್ಕೆ ಎಳೆಯಬೇಡಿ.

2. ಬೇಯಿಸುವಾಗ ಆತುರ ಬೇಡ

ನಾಲ್ವರಿಗೆ ಎರಡು ಲೋಟ ಅಕ್ಕಿ, ಹನ್ನೆರಡರಿಂದ ಹದಿನಾಲ್ಕು ಲೋಟ ನೀರು. ನೀರು ಮೊದಲು ಕುದಿಯಲಿ. ಅಷ್ಟರಲ್ಲಿ ಅಕ್ಕಿಯನ್ನು ಮೂರು ಸಲ ತೊಳೆದು, ಕುದಿಯುವ ನೀರಿಗೆ ಹಾಕಿ. ಮತ್ತೆ ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಳವನ್ನು ಓರೆಯಾಗಿಡಿ. ಪೂರ್ತಿ ಮುಚ್ಚಿದರೆ ಉಕ್ಕಿ ಒಲೆಯೆಲ್ಲ ಗಂಜಿಯಾಗುತ್ತದೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ನೀರು ಕಡಿಮೆಯಾಯಿತೆನಿಸಿದರೆ ಬಿಸಿನೀರನ್ನೇ ಸೇರಿಸಿ. ತಣ್ಣೀರು ಹೊಯ್ದರೆ ಕಾಳು ಒಳಗೆ ಗಟ್ಟಿಯಾಗಿಯೇ ಉಳಿಯುತ್ತದೆ.

ಬೆಂದಿದೆಯೇ ಎಂದು ನೋಡಲು ಒಂದು ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ. ಹೊರಗೆ ಮೆತ್ತಗಾಗಿ ನಡುವೆ ಮರಳಿನಂತೆ ಏನೋ ತಾಕಿದರೆ ಇನ್ನೂ ಹತ್ತು ನಿಮಿಷ ಬೇಯಲಿ. ಪೂರ್ತಿ ಮೆತ್ತಗೆ ಒತ್ತಿಕೊಂಡು, ಕಾಳಿನ ಹೊಟ್ಟೆ ಬಿರಿದು, ಆದರೂ ಆಕಾರ ಬಿಡದಿದ್ದರೆ ಒಲೆ ಆರಿಸಿ. ಆರಿಸಿದ ಕೂಡಲೇ ಬಡಿಸಬೇಡಿ. ಕಾಲು ಗಂಟೆ ಮುಚ್ಚಿಟ್ಟರೆ ತಿಳಿ ಸ್ವಲ್ಪ ದಪ್ಪವಾಗಿ ಹದಕ್ಕೆ ಬರುತ್ತದೆ.

ಕುಕ್ಕರಿನಲ್ಲಿ ಆಗುವುದಿಲ್ಲವೇ ಎಂದು ಕೇಳುವವರಿಗೆ: ಆಗುತ್ತದೆ. ಒಂದಕ್ಕೆ ಐದು ಪಾಲು ನೀರು, ಆರೇಳು ಸೀಟಿ, ಆಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಒತ್ತಡ ತಾನಾಗಿ ಇಳಿದ ಮೇಲೆ ಬಿಸಿನೀರು ಸೇರಿಸಿ ಒಂದು ಕುದಿ. ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ತಿಳಿ ಮೇಲೇರಿ ಸೀಟಿಯ ರಂಧ್ರ ಕಟ್ಟಿಕೊಳ್ಳುತ್ತದೆ. ಅನಿಲ ಉಳಿಸಬೇಕೆನ್ನುವವರು ಶಾಖ ಹಿಡಿದಿಡುವ ಥರ್ಮಲ್ ಕುಕ್ಕರ್ ಬಳಸಬಹುದು: ಕಾಲು ಗಂಟೆ ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಅದರೊಳಗಿಟ್ಟು ಮುಚ್ಚಿದರೆ ಒಂದೂವರೆ ಗಂಟೆಯ ಹೊತ್ತಿಗೆ ಬೆಂದಿರುತ್ತದೆ. ನನ್ನ ಮನೆಯಲ್ಲಿ ಈಗ ಇದೇ ನಡೆದಿದೆ.

ಇನ್ನೊಂದು ಎಚ್ಚರಿಕೆ: ಬೇಯುವಾಗ ಗಂಜಿಗೆ ಉಪ್ಪು ಹಾಕಬೇಡಿ. ಉಪ್ಪು ಹಾಕಿದ ಗಂಜಿಗೆ ಉಪ್ಪಿನಕಾಯಿ ನಂಜಿಕೊಂಡರೆ ಬಾಯಿ ಒಗರಾಗುತ್ತದೆ. ಯಾರಿಗೆ ಬೇಕೋ ಅವರು ಬಟ್ಟಲಿನಲ್ಲಿ ಹಾಕಿಕೊಳ್ಳಲಿ.

3. ಮೊದಲ ಜೋಡಿ: ಮಿಡಿ ಉಪ್ಪಿನಕಾಯಿ ಮತ್ತು ಒಂದು ಚಮಚ ತುಪ್ಪ

ಹೊಸಬರು ಇದರಿಂದಲೇ ಶುರುಮಾಡಿ, ಏಕೆಂದರೆ ಇಲ್ಲಿ ಮಾಡಬೇಕಾದ ಕೆಲಸವೇ ಇಲ್ಲ. ಮಿಡಿ ಎಂದರೆ ಒಳಗೆ ಗೊರಟು ಗಟ್ಟಿಯಾಗುವ ಮೊದಲೇ ಕಿತ್ತ ಎಳೆಯ ಮಾವಿನಕಾಯಿ. ಉತ್ತರ ಕನ್ನಡ, ಶಿವಮೊಗ್ಗದ ಹೊಳೆದಂಡೆಗಳಲ್ಲಿ ಬೆಳೆಯುವ ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಅದರ ತೊಟ್ಟು ಮುರಿದಾಗ ಒಸರುವ ಸೊನೆಯಲ್ಲೇ ಆ ಪರಿಮಳ ಇರುವುದು. ಕೆಲವು ಮರಗಳ ಮಿಡಿಗೆ ಜೀರಿಗೆಯ ಪರಿಮಳವಿದ್ದು, ಅದನ್ನು ಜೀರಿಗೆ ಮಿಡಿ ಎಂದೇ ಕರೆಯುತ್ತಾರೆ.

ಬಿಸಿ ಗಂಜಿಗೆ ತುಪ್ಪ ಹಾಕಿ, ಪಕ್ಕದಲ್ಲಿ ಒಂದು ಮಿಡಿ ಇಟ್ಟುಕೊಳ್ಳಿ. ಮಿಡಿಯನ್ನು ಗಂಜಿಯೊಳಗೆ ಹಾಕಿ ಕಿವುಚಬೇಡಿ. ತುದಿಯನ್ನು ಹಲ್ಲಿನಿಂದ ಚೂರು ಕಚ್ಚಿ, ಮೇಲೆ ಗಂಜಿ ಕುಡಿಯಿರಿ. ಒಂದು ಮಿಡಿ ಒಂದು ಬಟ್ಟಲಿಗೆ ಸಾಕು.

ತಪ್ಪುಗಳು ಆಗುವುದು ಭರಣಿಯ ವಿಷಯದಲ್ಲಿ. ನಮ್ಮ ತೇವದ ಹವೆಯಲ್ಲಿ ಒದ್ದೆ ಚಮಚ ಒಮ್ಮೆ ಹೋದರೂ ಮೇಲೆ ಬಿಳಿ ಪೊರೆ ಕಟ್ಟಲು ಶುರುವಾಗುತ್ತದೆ. ಒಣ ಚಮಚ ಬಳಸಿ. ದೊಡ್ಡ ಭರಣಿಯಿಂದ ವಾರಕ್ಕಾಗುವಷ್ಟನ್ನು ಸಣ್ಣ ಬಾಟಲಿಗೆ ತೆಗೆದಿಟ್ಟುಕೊಳ್ಳಿ. ರಕ್ತದೊತ್ತಡ ಇರುವವರಿಗೆ ಈ ಜೋಡಿ ದಿನಾ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಒಣಮೀನು ಮೂರನ್ನೂ ಒಂದೇ ಊಟಕ್ಕೆ ಬಡಿಸಿಕೊಂಡರೆ ಆ ಮಿತಿ ಬೇಗ ದಾಟುತ್ತದೆ. ಅಂಥವರಿಗೆ ಕಡಿಮೆ ಉಪ್ಪಿನ ತೊಂಡೆಕಾಯಿ ಪಲ್ಯ, ನುಗ್ಗೆಸೊಪ್ಪಿನ ಪಲ್ಯ ಒಳ್ಳೆಯ ಜೊತೆ.

4. ಎರಡನೆಯ ಜೋಡಿ: ಸುಟ್ಟ ಮೆಣಸಿನ ಗಟ್ಟಿ ಚಟ್ನಿ

ಎಲ್ಲ ಜೋಡಿಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಇದು. ಹೆಚ್ಚು ಮಂದಿ ಕೆಡಿಸುವುದೂ ಇದನ್ನೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಒಂದು ಕಪ್ ಹಸಿ ತೆಂಗಿನತುರಿ, ಐದು ಬ್ಯಾಡಗಿ ಮೆಣಸು, ಗೋಲಿಗಾತ್ರದ ಹುಣಸೆಹಣ್ಣು, ಎರಡು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಕಲ್ಲುಪ್ಪು.

ಹಿಂದೆ ಒಲೆಯ ಕೆಂಡದ ಮೇಲೆ ಮೆಣಸನ್ನು ಹಾಕಿ ಸುಡುತ್ತಿದ್ದರು. ಅನಿಲದ ಒಲೆಯಾದರೆ ಇಕ್ಕಳದಲ್ಲಿ ಹಿಡಿದು ಸಣ್ಣ ಉರಿಯ ಮೇಲೆ ಆಡಿಸಿ. ಮೊದಲು ಮೆಣಸು ಉಬ್ಬುತ್ತದೆ, ಸಿಪ್ಪೆ ಹೊಳೆಯುತ್ತದೆ, ಆಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಮೂಗಿಗೆ ಘಾಟು ತಾಕುವ ಮುಂಚೆಯೇ ಒಂದು ಸಿಹಿ ಹೊಗೆಯ ವಾಸನೆ ಬರುತ್ತದೆ, ಆಗಲೇ ತೆಗೆಯಿರಿ. ಕೆಮ್ಮು ಬಂದರೆ ಕ್ಷಣ ಮೀರಿತೆಂದೇ ಅರ್ಥ, ಚಟ್ನಿ ಕಹಿಯಾಗುತ್ತದೆ. ಕಪ್ಪಾದ ಮೆಣಸನ್ನು ಬಿಸಾಡಿ ಹೊಸದನ್ನು ಸುಡಿ.

ಮೊದಲು ಮೆಣಸು, ಉಪ್ಪು, ಹುಣಸೆ ಮೂರನ್ನೇ ಅರೆಯಿರಿ. ಅವು ನುಣ್ಣಗಾದ ಮೇಲೆ ಬೆಳ್ಳುಳ್ಳಿ, ಕೊನೆಗೆ ತೆಂಗಿನತುರಿ. ತುರಿ ಹಾಕಿದ ಮೇಲೆ ಮಿಕ್ಸಿಯನ್ನು ಬಿಟ್ಟು ಬಿಟ್ಟು ಮೂರ್ನಾಲ್ಕು ಸಲ ತಿರುಗಿಸಿದರೆ ಸಾಕು, ತರಿತರಿಯಾಗಿರಬೇಕು. ನೀರು ಹಾಕಬೇಡಿ. ಜಾರು ತಿರುಗುವುದೇ ಇಲ್ಲವೆಂದರೆ ಒಂದೇ ಚಮಚ. ಇಡ್ಲಿ ಚಟ್ನಿಯಂತೆ ನೀರಾದರೆ ಅದು ಗಂಜಿಯಲ್ಲಿ ಕರಗಿ ಹೋಗುತ್ತದೆ, ನಂಜಿಕೊಳ್ಳಲು ಏನೂ ಉಳಿಯುವುದಿಲ್ಲ. ಕೈಯಲ್ಲಿ ಉಂಡೆ ಕಟ್ಟಿದರೆ ನಿಲ್ಲಬೇಕು, ಅದೇ ಹದ. ಮೇಲೆ ಅರ್ಧ ಚಮಚ ಹಸಿ ತೆಂಗಿನೆಣ್ಣೆ. ಇದಕ್ಕೆ ಸಾಸಿವೆ ಒಗ್ಗರಣೆ ಬೇಡವೆನ್ನುವುದು ನನ್ನ ಅಭಿಪ್ರಾಯ. ಸುಟ್ಟ ಮೆಣಸಿನ ವಾಸನೆಯನ್ನು ಅದು ಮುಚ್ಚಿಬಿಡುತ್ತದೆ.

ಇದೇ ಚಟ್ನಿಗೆ ಎರಡು ಚಮಚ ಹುರುಳಿಕಾಳು ಸೇರಿದರೆ ಹುರುಳಿ ಚಟ್ನಿ. ತುಳುವಿನಲ್ಲಿ ಹುರುಳಿಗೆ ಕುಡು ಎನ್ನುವುದರಿಂದ ಇದು ಕುಡು ಚಟ್ನಿ. ಹುರುಳಿಯನ್ನು ಸಣ್ಣ ಉರಿಯಲ್ಲಿ ಚಟಪಟ ಸಿಡಿಯುವವರೆಗೆ ಹುರಿದು, ಆರಿಸಿ, ತುರಿಗಿಂತ ಮೊದಲು ಪುಡಿಮಾಡಿಕೊಳ್ಳಿ. ಅರೆಬರೆ ಹುರಿದರೆ ಹಸಿ ವಾಸನೆ ಹೋಗದು.

ಹಸಿ ತೆಂಗಿನಕಾಯಿಯ ಚಟ್ನಿ ಸೆಕೆಗಾಲದಲ್ಲಿ ಹೊರಗಿಟ್ಟರೆ ಮಧ್ಯಾಹ್ನದೊಳಗೆ ಹಳಸುತ್ತದೆ. ಊಟಕ್ಕೆ ಬೇಕಾದಷ್ಟೇ ಅರೆಯಿರಿ.

5. ಮಳೆಗಾಲದ ಜೋಡಿಗಳು

ಜೂನ್ ಬಂದರೆ ಊಟದ ಲೆಕ್ಕ ಬದಲಾಗುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಿಂದೆ ಆ ದಿನಗಳಲ್ಲಿ ಹಸಿ ತರಕಾರಿ ಸಿಗುವುದೇ ಕಷ್ಟವಾಗಿತ್ತು. ಬೇಸಿಗೆಯಲ್ಲೇ ಒಣಗಿಸಿ, ಉಪ್ಪಿನಲ್ಲಿಟ್ಟು ಕೂಡಿಸಿದ್ದನ್ನು ಹೊರತೆಗೆಯುವ ಕಾಲ ಅದು.

ಉಪ್ಪುಸೊಳೆ ಅಂಥದ್ದು: ಬಲಿತ ಹಲಸಿನಕಾಯಿಯ ಸೊಳೆ ಬಿಡಿಸಿ ಕಲ್ಲುಪ್ಪಿನಲ್ಲಿ ಹಾಕಿಟ್ಟದ್ದು. ತುಳುವರ ಉಪ್ಪಡ್ ಪಚ್ಚಿಲ್ ಇದೇ. ಪಲ್ಯ ಮಾಡುವ ಮೊದಲು ನೀರಿನಲ್ಲಿ ನೆನೆಸಿ, ಎರಡು ಮೂರು ಸಲ ನೀರು ಬದಲಿಸಿ, ಹಿಂಡಿ, ಒಂದು ಚೂರು ಬಾಯಿಗೆ ಹಾಕಿ ನೋಡಿ. ಉಪ್ಪು ಹದವಾಗಿ ಉಳಿದಿರಬೇಕು. ಈ ಕೆಲಸ ಅವಸರಿಸಿದವರ ಪಲ್ಯ ಬಾಯಿಗಿಡಲಾಗದು. ಪಲ್ಯಕ್ಕೆ ಮತ್ತೆ ಉಪ್ಪು ಹಾಕಬೇಡಿ.

ಹಲಸಿನ ಹಪ್ಪಳಕ್ಕೆ ಎರಡು ಜೊತೆಗಳಿವೆ. ಒಂದು ಗಂಜಿ. ಇನ್ನೊಂದು, ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ್ದು, ಹಸಿ ತೆಂಗಿನಕಾಯಿಯ ಚೂರು. ಸಂಜೆ ಮಳೆ ಹಿಡಿದಾಗ ಹಪ್ಪಳವನ್ನು ಸುಟ್ಟು, ಮುರಿದು, ಒಂದು ಚೂರು ಹಪ್ಪಳ ಮತ್ತು ಬೆರಳುದ್ದದ ಕಾಯಿಚೂರನ್ನು ಒಟ್ಟಿಗೆ ಅಗಿಯಿರಿ. ಹಪ್ಪಳದ ಖಾರ, ಉಪ್ಪುಗಳನ್ನು ಕಾಯಿಯ ಸಿಹಿ ಹಾಲು ತಣಿಸುತ್ತದೆ. ಎಣ್ಣೆಯಲ್ಲಿ ಕರಿದದ್ದಕ್ಕಿಂತ ಸುಟ್ಟ ಹಪ್ಪಳವೇ ಈ ಜೋಡಿಗೆ ಚೆನ್ನ. ಸುಡುವಾಗ ಒಂದೇ ಕಡೆ ಹಿಡಿಯದೆ ಅಂಚಿನಿಂದ ನಡುವಿಗೆ ತಿರುಗಿಸುತ್ತಾ ಹೋಗಿ. ಸಣ್ಣ ಗುಳ್ಳೆಗಳೆದ್ದು ಬಣ್ಣ ತಿಳಿಯಾದರೆ ಮಗುಚಿ. ಮಳೆಗಾಲದ ಗಾಳಿಗೆ ಹಪ್ಪಳ ಐದೇ ನಿಮಿಷದಲ್ಲಿ ಮೆತ್ತಗಾಗುತ್ತದೆ, ಹಾಗಾಗಿ ತಿನ್ನುವವರು ಕೂತ ಮೇಲೆಯೇ ಸುಡಿ.

6. ಮೀನು ತಿನ್ನುವವರಿಗೆ: ಒಣ ಸಿಗಡಿ ಚಟ್ನಿ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಒಣಮೀನಿಗೆ ಬೆಲೆ ಬರುತ್ತದೆ. ತಿನ್ನುವವರು ಮೇ ತಿಂಗಳೊಳಗೇ ಕೊಂಡಿಟ್ಟುಕೊಳ್ಳುತ್ತಾರೆ.

ಒಂದು ಹಿಡಿ ಒಣ ಸಿಗಡಿಯ ತಲೆ, ಕಾಲು, ಬಾಲ ಮುರಿದು ತೆಗೆಯಿರಿ. ಜರಡಿಯಲ್ಲಿ ಆಡಿಸಿ ಮರಳು ಉದುರಿಸಿ. ಎಣ್ಣೆ ಹಾಕದ ಬಾಣಲೆಯಲ್ಲಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಗರಿಗರಿಯಾಗಿ ಹುರಿಯಿರಿ. ಮೇಲೆ ಹೇಳಿದ ಗಟ್ಟಿ ಚಟ್ನಿಯನ್ನು ಉಪ್ಪಿಲ್ಲದೆ ಅರೆದು, ಕೊನೆಯಲ್ಲಿ ಸಿಗಡಿ ಹಾಕಿ ಒಂದೇ ಸುತ್ತು ತಿರುಗಿಸಿ. ರುಚಿ ನೋಡಿದ ಮೇಲೆ ಉಪ್ಪು ಬೇಕಾದರೆ ಹಾಕಿ. ಹಸಿ ಈರುಳ್ಳಿ ಸಣ್ಣಗೆ ಹೆಚ್ಚಿ ಬೆರೆಸಬಹುದು.

ಕೊಳ್ಳುವಾಗ ಮೂಸಿ ನೋಡಿ. ಕಡಲ ವಾಸನೆಯಿದ್ದರೆ ಸರಿ, ಮೂಗಿಗೆ ಚುಚ್ಚುವ ಅಮೋನಿಯದ ವಾಸನೆಯಿದ್ದರೆ ಬಿಟ್ಟುಬಿಡಿ. ಮುಟ್ಟಿದಾಗ ತೇವ ತಾಕಿದರೂ ಬೇಡ. ಸಿಗಡಿ, ಏಡಿ ತಿಂದರೆ ಅಲರ್ಜಿ ಆಗುವವರಿಗೆ ಒಣ ಸಿಗಡಿಯಿಂದಲೂ ಆಗುತ್ತದೆ. ಅತಿಥಿಗಳಿದ್ದರೆ ಮೊದಲೇ ಕೇಳಿ.

7. ಬೆಳ್ತಿಗೆ ಅನ್ನಕ್ಕೆ ತಂಬುಳಿ

ಗಂಜಿ ಹಿಡಿಸದವರಿಗೆ ಇದು. ಸೊಪ್ಪನ್ನೋ ಕಾಳನ್ನೋ ತೆಂಗಿನತುರಿಯೊಂದಿಗೆ ಅರೆದು ಮಜ್ಜಿಗೆ ಬೆರೆಸಿದರೆ ತಂಬುಳಿ. ಇದು ನಂಜಿಕೊಳ್ಳುವುದಲ್ಲ, ಕಲಸಿಕೊಳ್ಳುವುದು. ಅದಕ್ಕೇ ಇದರ ಜೊತೆ ಕುಚ್ಚಲಕ್ಕಿಯಲ್ಲ, ಮೆತ್ತನೆಯ ಬೆಳ್ತಿಗೆ ಅನ್ನ.

ಒಂದು ಹಿಡಿ ಒಂದೆಲಗವನ್ನು (ತುಳುವಿನಲ್ಲಿ ತಿಮರೆ) ಬೇರುಸಹಿತ ಚೆನ್ನಾಗಿ ತೊಳೆಯಿರಿ. ಅದು ಒದ್ದೆ ನೆಲದಲ್ಲಿ ಹಬ್ಬುವ ಗಿಡವಾದ್ದರಿಂದ ಮೂರ್ನಾಲ್ಕು ನೀರು ಬೇಕೇ ಬೇಕು. ಅರ್ಧ ಕಪ್ ತುರಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಸೇರಿಸಿ ನುಣ್ಣಗೆ ಅರೆದು, ಒಂದೂವರೆ ಲೋಟ ಮಜ್ಜಿಗೆ, ಉಪ್ಪು ಬೆರೆಸಿ. ತುಪ್ಪದಲ್ಲಿ ಸಾಸಿವೆ, ಒಣಮೆಣಸಿನ ಒಗ್ಗರಣೆ. ತಂಬುಳಿಯನ್ನು ಒಲೆಯ ಮೇಲೆ ಇಡಬಾರದು. ಬಿಸಿ ಮಾಡಿದರೆ ಮಜ್ಜಿಗೆ ಒಡೆಯುತ್ತದೆ, ಸೊಪ್ಪಿನ ಹಸಿರು ಮಾಸುತ್ತದೆ. ಹುಳಿ ಹೆಚ್ಚಾದ ಮಜ್ಜಿಗೆಯೂ ಬೇಡ.

8. ಉಳಿದ ಗಂಜಿಯನ್ನು ಏನು ಮಾಡಬೇಕು

ಈ ಪ್ರಶ್ನೆಗೆ ಸ್ಪಷ್ಟವಾಗಿ ಉತ್ತರಿಸಲೇಬೇಕು. ಬೆಂದ ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಸಿದರೂ ಉಳಿಯಬಲ್ಲವು. ಅನ್ನ ಉಗುರುಬೆಚ್ಚಗೆ ಹೊರಗೇ ಇದ್ದರೆ ಅವು ಬೆಳೆದು ವಿಷ ಬಿಡುತ್ತವೆ. ವಾಂತಿ ಬರಿಸುವ ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಆದ್ದರಿಂದ ಉಳಿದದ್ದನ್ನು ಅಗಲ ಪಾತ್ರೆಗೆ ಸುರಿದು ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮರುದಿನ ನೀರು ಹಾಕಿ ಕೊತಕೊತ ಕುದಿಸಿ ಉಣ್ಣಿ.

ತಂಗಳನ್ನದ ರೂಢಿ ಬೇರೆ. ರಾತ್ರಿ ಬೇಗ ಆರಿಸಿದ ಅನ್ನ ಮುಳುಗುವಷ್ಟು ಕುಡಿಯುವ ನೀರು ಹಾಕಿ ಮಣ್ಣಿನ ಪಾತ್ರೆಯಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳಿಂದ ಅದಕ್ಕೆ ತೆಳುವಾದ ಹುಳಿ ಬರುತ್ತದೆ. ಒಡಿಶಾದ ಪಖಾಳ, ಬಂಗಾಳದ ಪಾಂತಾ ಭಾತ್ ಇದರ ಬಂಧುಗಳೇ. ಎಂಟು-ಹತ್ತು ಗಂಟೆ ಸಾಕು, ಮಧ್ಯಾಹ್ನದವರೆಗೆ ಎಳೆಯಬೇಡಿ. ಲೋಳೆಯಾಗಿದ್ದರೆ, ಬಣ್ಣ ತಿರುಗಿದ್ದರೆ, ವಾಸನೆ ಅಹಿತವಾಗಿದ್ದರೆ ಚೆಲ್ಲಿಬಿಡಿ. ಪುಟ್ಟ ಮಕ್ಕಳಿಗೆ, ಬಸುರಿಯರಿಗೆ, ಕಾಯಿಲೆಯಿಂದ ಬಳಲಿದವರಿಗೆ ಇದನ್ನು ಕೊಡಬೇಡಿ. ಅವರಿಗೆ ಹೊಸದಾಗಿ ಬೇಯಿಸಿದ ಗಂಜಿಯೇ ಇರಲಿ.

ಚೆನ್ನಾಗಿ ಬಂದಿದ್ದರೆ ಅನ್ನವನ್ನು ಕೈಯಲ್ಲಿ ಸ್ವಲ್ಪ ಕಿವುಚಿ, ಒಂದು ಲೋಟ ಮಜ್ಜಿಗೆ, ಉಪ್ಪು ಹಾಕಿ. ನಾಲ್ಕು ಸಾಂಬಾರು ಈರುಳ್ಳಿಯನ್ನು ಸಿಪ್ಪೆ ಸುಲಿದು ಕಲ್ಲಿನಲ್ಲಿ ಒಮ್ಮೆ ಜಜ್ಜಿ, ಹೆಚ್ಚಬೇಡಿ. ಒಂದು ಸೂಜಿಮೆಣಸನ್ನು ಉಪ್ಪಿನ ಕಲ್ಲಿಗೆ ಒತ್ತಿ ಮುರಿದು, ಈರುಳ್ಳಿಯ ಪಕ್ಕದಲ್ಲಿಟ್ಟುಕೊಂಡು ಕೂತುಕೊಳ್ಳಿ.